ಏಳು ತಂತಿ ಮತ್ತು ಒಂದು ಹಳದಿ ಪೆಟ್ಟಿಗೆ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಹಿರಿಯರು ಅಪ್ಪಣೆ ಮಾಡಿದಾಗ ನನಗೆ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಯಿತು. ಇಲ್ಲಿ ಓದಿದವರಲ್ಲಿ ವೈದ್ಯರಾದವರಿದ್ದಾರೆ, ಅಧ್ಯಾಪಕರಾದವರಿದ್ದಾರೆ, ಮಣ್ಣನ್ನೇ ನಂಬಿ ನಾಲ್ಕು ಜನಕ್ಕೆ ಅನ್ನ ಕೊಟ್ಟವರಿದ್ದಾರೆ. ನಾನಾದರೋ ಗಿಟಾರ್ ನುಡಿಸಿ ಜೀವನ ಸಾಗಿಸಿದವನು. ಅದರಲ್ಲಿಯೂ ನಮ್ಮ ಸೀಮೆಯಲ್ಲಿ ಕೇಳಿದವರೇ ವಿರಳವಾದ ಜಾಜ್ ಎಂಬ ಸಂಗೀತಕ್ಕೆ ಮನಸೋತವನು. ಇಂಥವನು ಶ್ರೀಮಠದ ಶಾಲೆಯ ಸಂಚಿಕೆಯಲ್ಲಿ ಏನು ಬರೆದಾನು ಎಂದು ಹಿಂಜರಿದೆ. "ಬುದ್ಧಿಯವರ ಪ್ರಸಾದ ಉಂಡವನು ಬರೆಯಲಾರೆನೆಂದರೆ ಹೇಗಪ್ಪಾ? ನಿನಗೆ ತಿಳಿದದ್ದನ್ನೇ ಬರೆ" ಎಂದು ಅವರು ಹೇಳಿದ ಮೇಲೆ ಮಾತು ಮೀರುವಂತಿರಲಿಲ್ಲ. ನನಗೆ ತಿಳಿದದ್ದು ನನ್ನ ವಾದ್ಯ, ಅದರ ಜೊತೆಗೆ ಮೂವತ್ತು ವರ್ಷಗಳಿಂದ ನನ್ನ ಕಾಲಬುಡದಲ್ಲಿ ಕುಳಿತಿರುವ ಒಂದು ಹಳದಿ ಪೆಟ್ಟಿಗೆ. ಆ ಪೆಟ್ಟಿಗೆಯಿಂದ ನಾನು ಕಲಿತ ಪಾಠದ ಬೇರು ಈ ಶಾಲೆಯ ಪ್ರಾರ್ಥನಾ ಮಂದಿರದಲ್ಲಿಯೇ ಇದೆಯೆಂಬ ಧೈರ್ಯದಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನನ್ನ ಊರು ತಿರುಮಕೂಡಲು ನರಸೀಪುರದ ಸಮೀಪದ ಒಂದು ಹಳ್ಳಿ. ಓದಿದ್ದು ನಂಜನಗೂಡಿನಲ್ಲಿ, ಮಠದ ಉಚಿತ ಪ್ರಸಾದನಿಲಯದಲ್ಲಿದ್ದುಕೊಂಡು. ನಂಜನಗೂಡಿನ ಸೋಪಾನಕಟ್ಟೆಯ ಮುಂದೆ ಹರಿಯುವ ಕಪಿಲೆಯೇ ಸುತ್ತೂರನ್ನು ದಾಟಿ ನಮ್ಮೂರ ಕಡೆಗೆ ಬಂದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಮನೆಯ ನೆನಪಾದಾಗಲೆಲ್ಲ ಹೊಳೆಯ ದಡಕ್ಕೆ ಹೋಗಿ, ಈ ನೀರು ನಾಳೆ ನಮ್ಮೂರನ್ನು ಕಾಣುತ್ತದೆಯಲ್ಲಾ ಎಂದು ಸಮಾಧಾನ ತಂದುಕೊಳ್ಳುತ್ತಿದ್ದ ಹುಡುಗ ನಾನು.

ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಸಂಗೀತದ ಮೇಷ್ಟ್ರು ಹಾರ್ಮೋನಿಯಂನ ತಿದಿಯೊತ್ತಿ ಷಡ್ಜವನ್ನು ಹಿಡಿಯುತ್ತಿದ್ದರು. ನಾವು ನೂರಾರು ಹುಡುಗರು ವಿಭೂತಿ ಧರಿಸಿ ಸಾಲಾಗಿ ಕುಳಿತು ವಚನಗಳನ್ನು ಹಾಡುತ್ತಿದ್ದೆವು. ತಿದಿಯಲ್ಲಿ ಗಾಳಿಯಿರುವವರೆಗೂ ಆ ಸ್ವರ ಕುಗ್ಗುತ್ತಿರಲಿಲ್ಲ. ಫಾಲ್ಗುಣ ಮಾಸದ ದೊಡ್ಡ ಜಾತ್ರೆಯಲ್ಲಿ ಶ್ರೀಕಂಠೇಶ್ವರಸ್ವಾಮಿಯ ಐದು ತೇರುಗಳು ಹೊರಟಾಗ ಕೇಳಿಸುತ್ತಿದ್ದ ನಾಗಸ್ವರದ ನಾದವೂ ಅಂಥದ್ದೇ. ಅಷ್ಟು ಜನರ ಗದ್ದಲವನ್ನು ಸೀಳಿಕೊಂಡು ಬಂದು ಎದೆಗೆ ನೇರವಾಗಿ ತಾಗುತ್ತಿತ್ತು. ನಾದವೆಂದರೆ ಹೀಗೆ ತುಂಬಿಕೊಂಡು ನಿಲ್ಲುವಂಥದ್ದು ಎಂಬ ಭಾವನೆ ನನ್ನ ಕಿವಿಯಲ್ಲಿ ಬೇರೂರಿದ್ದು ಆಗಲೇ.

ನಮ್ಮ ಮೇಷ್ಟ್ರು ಪಾಠದ ನಡುವೆ ಆಗಾಗ ಪಿಟೀಲು ಚೌಡಯ್ಯನವರ ಮಾತು ತೆಗೆಯುತ್ತಿದ್ದರು. 1895ರಲ್ಲಿ ನಮ್ಮ ತಿರುಮಕೂಡಲಿನಲ್ಲಿಯೇ ಜನಿಸಿ, ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಬಳಿ ಕಠಿಣವಾದ ಶಿಷ್ಯವೃತ್ತಿ ನಡೆಸಿ, ದಕ್ಷಿಣ ದೇಶದ ದೊಡ್ಡ ದೊಡ್ಡ ಗಾಯಕರಿಗೆಲ್ಲ ಪಕ್ಕವಾದ್ಯ ನುಡಿಸಿದ ಮಹನೀಯರು ಅವರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಗೌರವ ಅವರಿಗೆ ಸಂದಿತು. 1967ರಲ್ಲಿ ಅವರು ದಿವಂಗತರಾದ ಮೇಲೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ ಸಭಾಭವನವನ್ನು ಓದುಗರಲ್ಲಿ ಅನೇಕರು ನೋಡಿರಬಹುದು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಪಿಟೀಲಿನ ನಾದ ದೊಡ್ಡ ಸಭೆಯ ಕೊನೆಯ ಸಾಲಿಗೆ ತಲುಪುತ್ತಿರಲಿಲ್ಲ. ಅದಕ್ಕಾಗಿ ಚೌಡಯ್ಯನವರು ನಾಲ್ಕು ತಂತಿಗಳ ಜೊತೆಗೆ ಇನ್ನೂ ಮೂರನ್ನು ಕೂಡಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿಕೊಂಡರು. ಒಂದು ತಂತಿಯ ಮೇಲೆ ಕಮಾನು ಎಳೆದಾಗ ಅದರ ಜೊತೆಯ ತಂತಿಯೂ ನುಡಿದು ನಾದ ತುಂಬಿಕೊಳ್ಳುತ್ತಿತ್ತು.

ಇದನ್ನು ಹೇಳಿ ಮುಗಿಸುವಾಗ ಮೇಷ್ಟ್ರು ತಪ್ಪದೆ ಒಂದು ಮಾತು ಸೇರಿಸುತ್ತಿದ್ದರು: "ಮೂರು ತಂತಿ ಹೆಚ್ಚಿಗೆ ಹಾಕಿದರೆ ನಾದ ಹೆಚ್ಚುತ್ತೆ ಕಣ್ರಪ್ಪಾ. ಆದರೆ ಬೆರಳು ಜಾರಿದರೆ ಅಪಸ್ವರವೂ ಅಷ್ಟೇ ಹೆಚ್ಚುತ್ತೆ. ಚೌಡಯ್ಯನವರ ಬೆರಳು ಮೊದಲು, ತಂತಿ ಆಮೇಲೆ." ಆಗ ನಮಗೆ ಅದು ಗಂಟೆ ಹೊಡೆಯುವ ಮುಂಚಿನ ಮಾತಾಗಿತ್ತೇ ಹೊರತು ಮತ್ತೇನೂ ಆಗಿರಲಿಲ್ಲ.

ಶಾಲೆ ಮುಗಿದ ಮೇಲೆ ಗಣಪತಿ ಪೆಂಡಾಲುಗಳಲ್ಲಿ ಚಿತ್ರಗೀತೆ ನುಡಿಸುವ ಆರ್ಕೆಸ್ಟ್ರಾ ಒಂದರಲ್ಲಿ ಗಿಟಾರ್ ಹಿಡಿದೆ. ನಮ್ಮ ತಂದೆಯವರಿಗೆ ಇದು ಹಿಡಿಸಲಿಲ್ಲ. "ಮಠದಲ್ಲಿ ಓದಿದವನು ಪೆಂಡಾಲಿನಲ್ಲಿ ಕುಣಿಸುತ್ತಾನೆ" ಎಂದು ಜನ ಆಡಿಕೊಂಡದ್ದು ಅವರ ಕಿವಿಗೆ ಬಿದ್ದಿತ್ತು. ಮುಂದೆ ಮೈಸೂರಿನಲ್ಲಿ ಪರಿಚಿತರಾದ ಒಬ್ಬ ಹಿರಿಯ ಸ್ಯಾಕ್ಸೊಫೋನ್ ವಾದಕರು, ಮದುವೆ ಬ್ಯಾಂಡಿನಲ್ಲಿ ಊದಿ ಜೀವನ ಮಾಡಿದವರು, ತಮ್ಮ ಬಳಿಯಿದ್ದ ಕ್ಯಾಸೆಟ್ಟುಗಳನ್ನು ಕೇಳಿಸಿ ನನಗೆ ಜಾಜಿನ ರುಚಿ ಹತ್ತಿಸಿದರು.

ಜಾಜ್ ಎಂಬುದು ಅಮೆರಿಕದ ಕಪ್ಪು ಜನರ ಕಷ್ಟಜೀವನದ ನಡುವೆ ಹುಟ್ಟಿದ ಸಂಗೀತ. ಒಂದು ಹಾಡಿನ ಚೌಕಟ್ಟನ್ನು ಹಿಡಿದು ಪ್ರತಿಯೊಬ್ಬ ವಾದಕನೂ ಸ್ಥಳದಲ್ಲಿಯೇ ಹೊಸದನ್ನು ಕಟ್ಟುತ್ತಾ ಹೋಗುವುದು ಅದರ ಜೀವಾಳ. ನಮ್ಮ ಮನೋಧರ್ಮ ಸಂಗೀತವನ್ನು ಬಲ್ಲವರಿಗೆ ಅದು ಪರಕೀಯವೆನಿಸದು. ನಮ್ಮ ನಾಡಿಗೂ ಅದಕ್ಕೂ ನಂಟಿಲ್ಲದಿಲ್ಲ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ ಕದ್ರಿ ಗೋಪಾಲನಾಥರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದುದಲ್ಲದೆ ಪರದೇಶದ ಜಾಜ್ ವಾದಕರ ಜೊತೆಯಲ್ಲಿಯೂ ನುಡಿಸಿದರು. 2008ರಲ್ಲಿ ರುದ್ರೇಶ್ ಮಹಾಂತಪ್ಪ ಎಂಬ ಅಮೆರಿಕದ ಸ್ಯಾಕ್ಸೊಫೋನ್ ವಾದಕರೊಡನೆ ಅವರು ಹೊರತಂದ ಧ್ವನಿಮುದ್ರಿಕೆಯಲ್ಲಿ ವಿದ್ಯುತ್ ಗಿಟಾರೂ ಇದೆ. ಬೆಂಗಳೂರಿನ ಕರ್ನಾಟಕ ತಾಳವಾದ್ಯ ಕಾಲೇಜಿನ ಟಿ. ಎ. ಎಸ್. ಮಣಿಯವರೂ ಗಾಯಕಿ ಆರ್. ಎ. ರಮಾಮಣಿಯವರೂ ಚಾರ್ಲಿ ಮರಿಯಾನೊ ಎಂಬ ಜಾಜ್ ವಾದಕರೊಡನೆ 1983ರಷ್ಟು ಹಿಂದೆಯೇ ಧ್ವನಿಮುದ್ರಿಕೆ ಮಾಡಿದ್ದರು.

ಜಾಜಿನಲ್ಲಿ ಗಿಟಾರಿಗೆ ಒಂದು ದೊಡ್ಡ ಕೊರತೆಯಿದೆ. ಸ್ಯಾಕ್ಸೊಫೋನಿಗೆ ಉಸಿರಿದೆ, ಊದುವವರೆಗೂ ಸ್ವರ ನಿಲ್ಲುತ್ತದೆ. ಗಿಟಾರಿನ ತಂತಿಯನ್ನು ಮೀಟಿದೊಡನೆ ಸ್ವರ ಸಾಯತೊಡಗುತ್ತದೆ. 1939ರಲ್ಲಿ ಬೆನ್ನಿ ಗುಡ್‌ಮನ್ನರ ತಂಡವನ್ನು ಸೇರಿದ ಚಾರ್ಲಿ ಕ್ರಿಶ್ಚಿಯನ್ ಎಂಬ ತರುಣ ಗಿಟಾರಿಗೆ ವಿದ್ಯುತ್ತನ್ನು ಕೊಟ್ಟು ಅದನ್ನು ಊದುವ ವಾದ್ಯಗಳ ಸಾಲಿನಲ್ಲಿ ನಿಲ್ಲಿಸಿದ. ಮೂರೇ ವರ್ಷಗಳಲ್ಲಿ ಕ್ಷಯರೋಗಕ್ಕೆ ತುತ್ತಾಗಿ ತೀರಿಕೊಂಡ. ಆ ಕಾಲದ ವಾಲ್ವ್ ಆಂಪ್ಲಿಫೈಯರುಗಳಿಗೆ ಶಕ್ತಿ ಕಡಿಮೆ. ಸ್ವಲ್ಪ ಬಲವಾಗಿ ನುಡಿಸಿದರೆ ಅವು ಏದುಸಿರು ಬಿಡುತ್ತಿದ್ದವು. ಆ ಏದುಸಿರಿನಲ್ಲಿ ಸ್ವರಕ್ಕೆ ಒಂದು ಕಾವು, ಒಂದು ದಪ್ಪ ಬರುತ್ತಿತ್ತು. ಆ ಗುಣವನ್ನೇ ಒಂದು ಪುಟ್ಟ ಪೆಟ್ಟಿಗೆಯಲ್ಲಿ ತುಂಬಿಸಿದರೆ ಅದೇ ಓವರ್‌ಡ್ರೈವ್ ಪೆಡಲ್. ಜಪಾನಿನ ಬಾಸ್ ಕಂಪನಿಯವರು 1977ರಲ್ಲಿ ಓಡಿ-1 ಎಂಬುದನ್ನೂ 1981ರಲ್ಲಿ ಎಸ್‌ಡಿ-1 ಎಂಬ ಹಳದಿ ಪೆಟ್ಟಿಗೆಯನ್ನೂ ಹೊರತಂದರು. ಬೆಂಗಳೂರಿನಲ್ಲಿ ಯಾರೋ ಬಳಸಿ ಬಿಟ್ಟ ಎಸ್‌ಡಿ-1 ಒಂದನ್ನು ಎರಡು ತಿಂಗಳ ಸಂಪಾದನೆ ಕೊಟ್ಟು ನಾನು ಕೊಂಡೆ.

ಅದು ಮಾಡುವ ಕೆಲಸವನ್ನು ನಮ್ಮ ಮನೆಯ ಮಾತಿನಲ್ಲಿ ಹೇಳುತ್ತೇನೆ. ರಾಗಿ ಅಳೆಯುವಾಗ ಸೇರನ್ನು ತುಂಬಿ, ಮೇಲೆದ್ದ ರಾಶಿಯನ್ನು ಅಂಗೈಯಿಂದ ಸವರಿ ಮಟ್ಟ ಮಾಡುತ್ತೇವೆ. ತಂತಿಯಿಂದ ಬರುವ ವಿದ್ಯುತ್ತಿನ ಅಲೆಯೂ ಹೀಗೆಯೇ ರಾಶಿಯಂತೆ ಏರಿ ಇಳಿಯುತ್ತದೆ. ಪೆಟ್ಟಿಗೆಯೊಳಗಿನ ಡಯೋಡುಗಳು ಒಂದು ಮಟ್ಟಕ್ಕಿಂತ ಮೇಲೆದ್ದುದನ್ನು ಸವರಿಹಾಕುತ್ತವೆ. ಇದರಿಂದ ಎರಡು ಫಲ. ಮೀಟಿದ ಕ್ಷಣದ ಏರು ತಗ್ಗಿ ಬಾಲದ ಭಾಗ ಅದಕ್ಕೆ ಸಮೀಪವಾಗುವುದರಿಂದ ಸ್ವರ ಬಹಳ ಹೊತ್ತು ನಿಂತಂತೆ ಕೇಳಿಸುತ್ತದೆ. ಇನ್ನೊಂದು, ಅಲೆಯ ಆಕಾರ ಬದಲಾದುದರಿಂದ ಮೂಲದಲ್ಲಿಲ್ಲದ ಉಪಸ್ವರಗಳು ಹುಟ್ಟುತ್ತವೆ. ನನ್ನ ಹಳದಿ ಪೆಟ್ಟಿಗೆ ಅಲೆಯ ಮೇಲ್ಭಾಗವನ್ನು ಒಂದು ಅಳತೆಗೂ ಕೆಳಭಾಗವನ್ನು ಇನ್ನೊಂದು ಅಳತೆಗೂ ಸವರುತ್ತದೆ. ಹಾಗೆ ಮಾಡಿದಾಗ ನುಡಿಸಿದ ಸ್ವರದ ಎರಡರಷ್ಟು ಕಂಪನದ ಸ್ವರ, ಅಂದರೆ ಮೇಲಿನ ಸ್ಥಾಯಿಯ ಅದೇ ಸ್ವರವೂ ಸಣ್ಣದಾಗಿ ಜೊತೆಗೂಡುತ್ತದೆ. ಮೊದಲ ಸಲ ಇದನ್ನು ತಿಳಿದಾಗ ನನಗೆ ಏಳು ತಂತಿಯ ಪಿಟೀಲು ನೆನಪಾಯಿತು. ಚೌಡಯ್ಯನವರು ತಂತಿಯಿಂದ ಪಡೆದ ತುಂಬುನಾದವನ್ನು ಈ ಪೆಟ್ಟಿಗೆ ವಿದ್ಯುತ್ತಿನಿಂದ ಪಡೆಯುತ್ತದೆಯೆಂದು ಹಿಗ್ಗಿದೆ. ಅವರ ಕಥೆಯ ಜೊತೆಗೆ ಮೇಷ್ಟ್ರು ಹೇಳುತ್ತಿದ್ದ ಎಚ್ಚರಿಕೆಯ ಮಾತು ಮಾತ್ರ ನೆನಪಾಗಲಿಲ್ಲ.

ಮೈಸೂರಿನ ಹೋಟೆಲೊಂದರಲ್ಲಿ ಶನಿವಾರದ ಸಂಜೆಗಳಲ್ಲಿ ನಾವು ನಾಲ್ವರು ಜಾಜ್ ನುಡಿಸುತ್ತಿದ್ದೆವು: ಸ್ಯಾಕ್ಸೊಫೋನ್, ಗಿಟಾರ್, ಬೇಸ್, ಡ್ರಮ್ಸ್. ನನಗೆ ಹಾಡುಗಳ ಸ್ವರಸಂಚಾರ ಪೂರ್ತಿಯಾಗಿ ಕರಗತವಾಗಿರಲಿಲ್ಲ. ಬೆರಳು ಅನುಮಾನಿಸಿದಲ್ಲೆಲ್ಲ ಪೆಟ್ಟಿಗೆಯ ಡ್ರೈವ್ ತಿರುಗಣೆಯನ್ನು ಏರಿಸಿ ಒತ್ತುವ ಚಾಳಿಯಾಯಿತು. ಆ ಗದ್ದಲದಲ್ಲಿ ಅನುಮಾನ ಕೇಳಿಸುವುದಿಲ್ಲವೆಂಬುದು ನನ್ನ ಎಣಿಕೆ. ಒಂದು ಸಂಜೆ ಡ್ಯೂಕ್ ಎಲಿಂಗ್ಟನ್ನರ ಒಂದು ವಿಳಂಬಗತಿಯ ಹಾಡು. ಅದರಲ್ಲಿ ಗಿಟಾರ್ ನಾಲ್ಕೈದು ಸ್ವರಗಳನ್ನು ಒಟ್ಟಿಗೆ ನುಡಿಸಿ ಹಾಸುಗೆ ಹಾಸಿಕೊಡಬೇಕು. ನಾನು ಪೆಟ್ಟಿಗೆಯನ್ನು ಒತ್ತಿ ನುಡಿಸಿದೆ. ಹಾಸುಗೆಯ ಬದಲು ಕೆಸರಾಯಿತು.

ಅದಕ್ಕೆ ಕಾರಣವುಂಟು. ಎರಡು ಸ್ವರಗಳು ಒಟ್ಟಿಗೆ ಈ ಪೆಟ್ಟಿಗೆಯನ್ನು ಹೊಕ್ಕರೆ ಅವುಗಳ ಕಂಪನಗಳ ವ್ಯತ್ಯಾಸಕ್ಕೆ ಸಮನಾದ ಮೂರನೆಯದೊಂದು ಸ್ವರವೂ ಹುಟ್ಟುತ್ತದೆ. ಷಡ್ಜ 400, ಪಂಚಮ 600 ಎಂದಿಟ್ಟುಕೊಳ್ಳಿ; ವ್ಯತ್ಯಾಸ 200, ಅದು ಕೆಳಗಿನ ಷಡ್ಜ. ಆದುದರಿಂದ ಷಡ್ಜ ಪಂಚಮಗಳನ್ನು ಎಷ್ಟು ಒರಟಾಗಿ ನುಡಿಸಿದರೂ ಕಿವಿಗೆ ಒಪ್ಪುತ್ತದೆ; ರಾಕ್ ಸಂಗೀತದವರು ಅವೆರಡನ್ನೇ ನೆಚ್ಚಿರುವುದಕ್ಕೆ ಇದೂ ಒಂದು ಕಾರಣ. ಆದರೆ ಷಡ್ಜ 400, ನಿಷಾದ 750 ಆದರೆ ವ್ಯತ್ಯಾಸ 350. ಅದು ಆ ಸಪ್ತಕದ ಯಾವ ಸ್ವರಕ್ಕೂ ಸೇರದ ಅನಾಥ. ಜಾಜಿನ ಸೌಂದರ್ಯವಿರುವುದೇ ಇಂಥ ನಿಷಾದ, ರಿಷಭಗಳನ್ನು ಷಡ್ಜದ ಜೊತೆ ಸೇರಿಸುವುದರಲ್ಲಿ. ಅಲ್ಲಿ ಡ್ರೈವ್ ಏರಿದಷ್ಟೂ ಅನಾಥ ಸ್ವರಗಳ ಸಂತೆ ನೆರೆಯುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಸ್ಯಾಕ್ಸೊಫೋನಿನ ಹಿರಿಯರು ಕೋಪಿಸಿಕೊಳ್ಳಲಿಲ್ಲ. "ತಮ್ಮಾ, ಇವತ್ತು ನನಗೆ ಊದುವುದಕ್ಕೆ ಜಾಗವೇ ಇರಲಿಲ್ಲವಲ್ಲ" ಎಂದಷ್ಟೇ ಹೇಳಿ ವಾದ್ಯವನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟರು.

ಅದಾದ ಕೆಲವು ದಿನಗಳಲ್ಲಿ ನಂಜನಗೂಡಿಗೆ ಹೋಗಿ, ನಿವೃತ್ತರಾಗಿದ್ದ ಸಂಗೀತದ ಮೇಷ್ಟರನ್ನು ಕಂಡೆ. ಪಾದ ಮುಟ್ಟಿ ನಮಸ್ಕರಿಸಿ, ಗಿಟಾರನ್ನೂ ಪೆಟ್ಟಿಗೆಯನ್ನೂ ತೋರಿಸಿ, ಹೆಮ್ಮೆಯಿಂದಲೇ ನುಡಿಸಿದೆ. ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು. ಆಮೇಲೆ ಕೇಳಿದರು: "ಚೆನ್ನಾಗಿದೆ ಮಗ. ಈ ಒರಟುತನ ನಿನ್ನದೋ, ಪೆಟ್ಟಿಗೆಯದೋ?" ನಾನು ಉತ್ತರ ಕೊಡಲಿಲ್ಲ. ಅವರೂ ಎರಡನೆಯ ಸಲ ಕೇಳಲಿಲ್ಲ. ಕಾಫಿ ತರಿಸಿಕೊಟ್ಟು, ಊರಿನ ಮಳೆ ಬೆಳೆ ವಿಚಾರಿಸಿ ಕಳುಹಿಸಿಕೊಟ್ಟರು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆ. ಒಂದು ವರ್ಷ ಗಿಟಾರನ್ನು ನೇರವಾಗಿ ಆಂಪ್ಲಿಫೈಯರಿಗೆ ಕೊಟ್ಟು ನುಡಿಸಿದೆ. ಮುಚ್ಚಿಕೊಳ್ಳಲು ಮರೆಯಿಲ್ಲದಾಗ ನನ್ನ ಬೆರಳುಗಳ ಬಡತನವೆಲ್ಲ ಬಯಲಿಗೆ ಬಂತು. ಎಡಗೈಯ ಬೆರಳನ್ನು ಸಮಯಕ್ಕೆ ಮುಂಚೆಯೇ ಎತ್ತುತ್ತಿದ್ದೆ. ಸ್ವರ ಬೇಗ ಸಾಯುತ್ತಿದ್ದುದರಲ್ಲಿ ಅರ್ಧ ತಪ್ಪು ವಾದ್ಯದ್ದಲ್ಲ, ನನ್ನದೇ. ಪ್ರತಿದಿನ ಬೆಳಗ್ಗೆ ಒಂದೊಂದೇ ಸ್ವರವನ್ನು ಮೀಟಿ ಅದು ಪೂರ್ತಿ ಅಡಗುವವರೆಗೂ ಒತ್ತಿ ಹಿಡಿದು ಕೇಳುವುದನ್ನು ಅಭ್ಯಾಸ ಮಾಡಿದೆ. ಐದು ಸ್ವರ ನುಡಿಸುತ್ತಿದ್ದಲ್ಲಿ ಎರಡನ್ನು ಮಾತ್ರ, ಮೂರನೆಯದನ್ನೂ ಏಳನೆಯದನ್ನೂ, ನುಡಿಸಲು ಕಲಿತೆ. ಆಧಾರ ಸ್ವರವನ್ನು ಬೇಸಿನವನು ಹೇಗೂ ಹಿಡಿದಿರುತ್ತಾನೆ. ಆ ಎರಡೇ ಸ್ವರಗಳಲ್ಲಿ ಹಾಡಿನ ಗತಿಯೆಲ್ಲ ಕೇಳಿಸುತ್ತದೆ, ಊದುವವರಿಗೆ ಜಾಗವೂ ಸಿಗುತ್ತದೆ.

ವರ್ಷ ಕಳೆದ ಮೇಲೆ ಪೆಟ್ಟಿಗೆಯನ್ನು ಕೆಳಗಿಳಿಸಿದೆ. ಈಗ ಅದರ ಬಳಕೆಯೇ ಬೇರೆಯಾಯಿತು. ಡ್ರೈವ್ ತಿರುಗಣೆ ಬಹುಮಟ್ಟಿಗೆ ಕೆಳಗೇ ಇರುತ್ತದೆ. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಒಂಬತ್ತು ಗಂಟೆಯನ್ನು ಮೀರುವುದು ಅಪರೂಪ. ಟೋನ್ ತಿರುಗಣೆ ನಡುವಿಗಿಂತ ಸ್ವಲ್ಪ ಕಡಿಮೆ. ಲೆವೆಲ್ ಮಾತ್ರ ತುಸು ಹೆಚ್ಚು. ಉಳಿದುದೆಲ್ಲ ಗಿಟಾರಿನ ಮೇಲಿರುವ ತಿರುಗಣೆಯಲ್ಲಿ ಮತ್ತು ಬಲಗೈಯಲ್ಲಿ. ಬೇರೆಯವರು ನುಡಿಸುವಾಗ ಗಿಟಾರಿನ ಶಬ್ದವನ್ನು ಅರ್ಧಕ್ಕೆ ಇಳಿಸಿದರೆ ಅಲೆ ಸೇರಿನ ಅಂಚನ್ನು ಮುಟ್ಟುವುದಿಲ್ಲ. ಸ್ವರಗಳು ತಿಳಿಯಾಗಿ ಬರುತ್ತವೆ. ನನ್ನ ಸರದಿ ಬಂದಾಗ ಏರಿಸಿ ಒಂಟಿ ಸ್ವರಗಳನ್ನು ನುಡಿಸಿದರೆ ಮೆಲ್ಲಗೆ ಕಾವೇರುತ್ತದೆ. ಗಟ್ಟಿಯಾಗಿ ಮೀಟಿದರೆ ಒರಟು, ಮೃದುವಾಗಿ ಮೀಟಿದರೆ ನಯ. ಊರೂರು ತಿರುಗುವ ನಮ್ಮಂಥವರಿಗೆ ಇನ್ನೊಂದು ಉಪಕಾರವೂ ಉಂಟು. ಹೋದಲ್ಲೆಲ್ಲ ಸಿಗುವ ಬಾಡಿಗೆ ಆಂಪ್ಲಿಫೈಯರುಗಳು ಒಂದರಂತೆ ಒಂದಿರುವುದಿಲ್ಲ. ಪೆಟ್ಟಿಗೆಯಿದ್ದರೆ ಯಾವ ಊರಿನಲ್ಲಿಯೂ ಹೆಚ್ಚು ಕಡಿಮೆ ನನ್ನ ದನಿ ನನ್ನದಾಗಿಯೇ ಇರುತ್ತದೆ. ನಿಂತ ಸ್ವರವನ್ನು ಕೇಳುವಾಗ ಒಮ್ಮೊಮ್ಮೆ ಪ್ರಾರ್ಥನಾ ಮಂದಿರದ ಹಾರ್ಮೋನಿಯಂ ನೆನಪಾಗುವುದುಂಟು.

ಕೆಲವು ವರ್ಷಗಳ ನಂತರ ತಿರುಮಕೂಡಲಿನಲ್ಲಿ ಸಂಗೀತಾಭಿಮಾನಿಗಳು ಕೆಲವರು ಕೂಡಿ ಒಂದು ಸಂಜೆಯ ಕಾರ್ಯಕ್ರಮವನ್ನು ಏರ್ಪಡಿಸಿದರು. ಮೊದಲು ಪಿಟೀಲು, ಆಮೇಲೆ ನಮ್ಮ ಜಾಜ್. ಚೌಡಯ್ಯನವರ ಹುಟ್ಟೂರಿನಲ್ಲಿ, ನನ್ನ ಊರಿನವರ ಮುಂದೆ ನುಡಿಸುವುದೆಂದರೆ ಕೈ ನಡುಗಿತು. ಮುಂದಿನ ಸಾಲಿನಲ್ಲಿ ನಮ್ಮ ತಂದೆಯವರು, ಅವರ ಪಕ್ಕದಲ್ಲಿ ನಂಜನಗೂಡಿನಿಂದ ಬಸ್ಸಿನಲ್ಲಿ ಬಂದಿದ್ದ ಮೇಷ್ಟ್ರು. ಎರಡನೆಯ ಹಾಡಿನ ನಡುವೆ ನನ್ನ ಸರದಿ ಬಂದ ಹೊತ್ತಿಗೆ ಗಿಟಾರಿನ ದನಿ ಕ್ಷೀಣಿಸಿ, ಕರಕರ ಎಂದು, ನಿಂತೇಹೋಯಿತು. ಪೆಟ್ಟಿಗೆಯ ಒಂಬತ್ತು ವೋಲ್ಟಿನ ಬ್ಯಾಟರಿ ಮುಗಿದಿತ್ತು. ಈ ಪೆಟ್ಟಿಗೆಯ ಸ್ವಭಾವವೆಂದರೆ, ಗಿಟಾರಿನ ವೈರು ಚುಚ್ಚಿರುವಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಅದು ಮುಗಿದರೆ ಪೆಟ್ಟಿಗೆಯನ್ನು ಒತ್ತದಿದ್ದರೂ ದನಿ ಮುಂದಕ್ಕೆ ಹೋಗುವುದಿಲ್ಲ. ಹಿಂದಿನ ರಾತ್ರಿಯ ಅಭ್ಯಾಸವಾದ ಮೇಲೆ ವೈರನ್ನು ಕಳಚದೆ ಮಲಗಿದ್ದು ನನ್ನದೇ ಅಲಕ್ಷ್ಯ.

ಯೋಚಿಸಲು ಸಮಯವಿರಲಿಲ್ಲ. ವೈರನ್ನು ಪೆಟ್ಟಿಗೆಯಿಂದ ಕಿತ್ತು ನೇರವಾಗಿ ಆಂಪ್ಲಿಫೈಯರಿಗೆ ಚುಚ್ಚಿದೆ. ಸ್ಯಾಕ್ಸೊಫೋನಿನ ಹಿರಿಯರು ಅಷ್ಟರಲ್ಲಿ ಹಾಡನ್ನು ಒಂದು ಸುತ್ತು ತಾವೇ ಹೊತ್ತುಕೊಂಡು, ತಲೆಯಾಡಿಸಿ ನನಗೆ ಬಿಟ್ಟುಕೊಟ್ಟರು. ಬರಿಯ ತಂತಿ, ಬರಿಯ ಬೆರಳು. ಅಟ್ಟದ ಮೇಲೆ ಪೆಟ್ಟಿಗೆಯಿದ್ದ ಆ ಒಂದು ವರ್ಷವೇ ನನ್ನನ್ನು ಅಂದು ಕಾಪಾಡಿತು. ಕಡಿಮೆ ಸ್ವರ ನುಡಿಸಿದೆ, ನುಡಿಸಿದ್ದನ್ನು ಕೊನೆಯವರೆಗೂ ಹಿಡಿದೆ. ಅದ್ಭುತವಾಯಿತೆಂದು ಹೇಳಲಾರೆ, ಎರಡು ಕಡೆ ತಪ್ಪಿದೆ. ಆದರೆ ತಪ್ಪಿದ್ದೂ ನನ್ನದು, ಒಪ್ಪಿದ್ದೂ ನನ್ನದು. ಕಾರ್ಯಕ್ರಮ ಮುಗಿದ ಮೇಲೆ ಮೇಷ್ಟ್ರು ಹತ್ತಿರ ಕರೆದು, "ಈವತ್ತು ಕೇಳಿದ್ದು ನಿನ್ನದೇ ಕಣಪ್ಪಾ" ಎಂದರು. "ಹಾಗಾದರೆ ಪೆಟ್ಟಿಗೆ ಬಿಟ್ಟುಬಿಡಲೇ ಮೇಷ್ಟ್ರೇ?" ಎಂದೆ. "ಯಾಕಪ್ಪಾ ಬಿಡಬೇಕು? ಚೌಡಯ್ಯನವರು ಏಳು ತಂತಿ ಬಿಟ್ಟರೇ? ಹೊಸ ಬ್ಯಾಟರಿ ಹಾಕು" ಎಂದು ನಕ್ಕರು. ನಮ್ಮ ತಂದೆಯವರು ಏನೂ ಹೇಳಲಿಲ್ಲ. ಆದರೆ ಬಸ್ ನಿಲ್ದಾಣದವರೆಗೂ ಗಿಟಾರಿನ ಚೀಲವನ್ನು ತಾವೇ ಹೊತ್ತು ತಂದರು. ಇಂದು ಅವರಿಬ್ಬರೂ ಇಲ್ಲ, ಲಿಂಗೈಕ್ಯರಾಗಿದ್ದಾರೆ.

ಇದನ್ನೆಲ್ಲ ಈ ಸಂಚಿಕೆಯಲ್ಲಿ ಬರೆಯುವುದಕ್ಕೆ ಒಂದು ಉದ್ದೇಶವಿದೆ. ಕಾಯಕವೆಂಬ ಮಾತನ್ನು ನಾವು ಈ ಶಾಲೆಯಲ್ಲಿ ದಿನವೂ ಕೇಳಿದವರು. ನನ್ನ ಕಾಯಕದಲ್ಲಿ ನಾನು ಕಂಡುಕೊಂಡದ್ದಿಷ್ಟೆ: ಯಂತ್ರ ತಾನಾಗಿ ಏನನ್ನೂ ಕೊಡುವುದಿಲ್ಲ, ನಾವು ಕೊಟ್ಟದ್ದನ್ನು ದೊಡ್ಡದು ಮಾಡಿ ಹಿಂದಿರುಗಿಸುತ್ತದೆ, ಸಾಧನೆಯನ್ನು ಕೊಟ್ಟರೆ ಸಾಧನೆಯನ್ನು, ಮೈಗಳ್ಳತನವನ್ನು ಕೊಟ್ಟರೆ ಅದನ್ನು. ಈಚೆಗೆ ಶಾಲೆಗೆ ಹೋಗಿದ್ದಾಗ ಪ್ರಾರ್ಥನಾ ಮಂದಿರದಲ್ಲಿ ದಾನಿಗಳು ಕೊಡಿಸಿದ ಒಳ್ಳೆಯ ಧ್ವನಿವರ್ಧಕಗಳನ್ನು ಕಂಡು ಸಂತೋಷಪಟ್ಟೆ. ಆದರೆ ಅವುಗಳಲ್ಲಿ ಕೇಳಿಬಂದದ್ದು ಧ್ವನಿಮುದ್ರಿತ ವಚನಗಾಯನ. ಮಕ್ಕಳು ಕೈಮುಗಿದು ಸುಮ್ಮನೆ ನಿಂತಿದ್ದರು. ಸಂಗೀತದ ಮೇಷ್ಟರ ಸ್ಥಾನ ಬಹಳ ಕಾಲದಿಂದ ಖಾಲಿಯಿದೆಯೆಂದೂ ಹಳೆಯ ಹಾರ್ಮೋನಿಯಂ ಬೀರುವಿನಲ್ಲಿದೆಯೆಂದೂ ತಿಳಿಯಿತು. ಇದರಲ್ಲಿ ಯಾರನ್ನೂ ದೂರುವುದು ನನ್ನ ಉದ್ದೇಶವಲ್ಲ; ಖರ್ಚುವೆಚ್ಚಗಳ ಕಷ್ಟ ನಡೆಸುವವರಿಗೇ ಗೊತ್ತು. ದಾನಿಗಳಲ್ಲಿಯೂ ನನ್ನಂಥ ಹಳೆಯ ವಿದ್ಯಾರ್ಥಿಗಳಲ್ಲಿಯೂ ನನ್ನದೊಂದು ವಿನಂತಿ: ಧ್ವನಿವರ್ಧಕಕ್ಕೆ ಕೊಟ್ಟಂತೆಯೇ ಧ್ವನಿಗೂ ಕೊಡೋಣ. ಒಬ್ಬ ಸಂಗೀತದ ಮೇಷ್ಟರ ಸಂಬಳಕ್ಕೆ ಒಂದು ನಿಧಿಯಾಗಲಿ. ನನ್ನ ಪಾಲನ್ನು ಈ ಲೇಖನದೊಡನೆಯೇ ಕಳುಹಿಸಿಕೊಟ್ಟಿದ್ದೇನೆ. ವಾರಕ್ಕೆ ಎರಡು ದಿನ ಬಂದು, ಆ ಹಾರ್ಮೋನಿಯಂನ ತಿದಿ ಸರಿಪಡಿಸಿಕೊಂಡು, ಮಕ್ಕಳಿಗೆ ಷಡ್ಜ ಹಿಡಿಯುವುದನ್ನು ಕಲಿಸಲು ನಾನೂ ಸಿದ್ಧನಿದ್ದೇನೆ. ಪೆಟ್ಟಿಗೆಯನ್ನು ಮಾತ್ರ ಮೊದಲ ವರ್ಷ ತರುವುದಿಲ್ಲ.